ಹೆಬ್ಬೆರಳಿಗೆ ಎಟುಕುವ ಬೆಳಕು

ಒಂದರ ಮೇಲೊಂದು ಎರಡು ಲೆನ್ಸ್ ಇರುವ ಹಳೇ ಟ್ವಿನ್ ಲೆನ್ಸ್ ರಿಫ್ಲೆಕ್ಸ್ ಕ್ಯಾಮೆರಾ ಇಟ್ಟುಕೊಂಡವರು ಇಬ್ಬರು ಸೇರಿದರೆ ಸಾಕು, ಮಾತು ಲೆನ್ಸಿನಿಂದಲೇ ಶುರುವಾಗುತ್ತದೆ. ಯಾವುದು ಚೂಪು, ಯಾವುದು ಮೆದು, ಯಾವುದರೊಳಗೆ ಬೂಷ್ಟು ಹಿಡಿದಿದೆ. ನಾನು ಸುಮ್ನೆ ಕೂತಿರುತ್ತೇನೆ. ನನ್ನ ಪ್ರಶ್ನೆಯೇ ಬೇರೆ: ಬೆಳಕು ಹೆಚ್ಚು ಕಡಿಮೆ ಮಾಡಲು ಹೆಬ್ಬೆರಳು ಎಲ್ಲಿಗೆ ಹೋಗಬೇಕು?

ಇದು ಸಣ್ಣ ವಿಷಯವಲ್ಲ. ಈ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಎಡ ಬಲ ಅದಲುಬದಲಾದ ಲೋಕ ಅಲ್ಲಿ ಕಾಣುತ್ತದೆ. ಆದರೆ ಕ್ಯಾಮೆರಾದ ಮುಖ ಮಾತ್ರ ಕಾಣುವುದಿಲ್ಲ. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂದು ನೋಡಿಕೊಳ್ಳುವ ಶಟರ್ ಇರುವುದೂ, ಬೆಳಕು ನುಸುಳುವ ಕಿಂಡಿಯಾದ ಅಪರ್ಚರ್ ಇರುವುದೂ ಆ ಮುಖದಲ್ಲೇ!

1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ರೋಲಿಫ್ಲೆಕ್ಸ್ ಕೆಲವೇ ವರ್ಷಗಳಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಎರಡು ಲೆನ್ಸುಗಳ ನಡುವೆ, ಆ ಕಡೆಗೊಂದು ಈ ಕಡೆಗೊಂದು ಪುಟ್ಟ ಚಕ್ರ. ಒಂದು ಶಟರ್‌ಗೆ, ಇನ್ನೊಂದು ಅಪರ್ಚರ್‌ಗೆ. ಅಂಕಿಗಳು ಮಾತ್ರ ಮೇಲಿನ ಲೆನ್ಸಿನ ನೆತ್ತಿಯ ಮೇಲಿರುವ ಕಿರುಕಿಟಕಿಯಲ್ಲಿ ಕಾಣುತ್ತವೆ. ತಗ್ಗಿಸಿದ ತಲೆ ಎತ್ತಬೇಕಿಲ್ಲ. ಜಪಾನಿನ ಯಾಶಿಕಾ ಮ್ಯಾಟ್ ಇದೇ ಏರ್ಪಾಟನ್ನು ಸಂಕೋಚವಿಲ್ಲದೆ ತನ್ನದಾಗಿಸಿಕೊಂಡಿತು. ಒಳ್ಳೆಯದನ್ನು ಎರವಲು ತಂದರೆ ತಪ್ಪೇನು, ಅಲ್ವಾ?

ಲೆನಿನ್‌ಗ್ರಾಡಿನ ಲುಬಿಟೆಲ್‌ಗೆ ಇಂಥ ನಯ ನಾಜೂಕು ಇಲ್ಲ. ಲೆನ್ಸಿನ ಸುತ್ತ ಚಿಕ್ಕ ಚಿಕ್ಕ ಕಡ್ಡಿಗಳು: ವೇಗಕ್ಕೊಂದು, ಅಪರ್ಚರ್‌ಗೊಂದು, ಶಟರ್ ಎಳೆದಿಡಲು ಮತ್ತೊಂದು. ಅಂಕಿ ನೋಡಬೇಕಾದರೆ ಕ್ಯಾಮೆರಾವನ್ನೇ ನಮ್ಮ ಕಡೆ ತಿರುಗಿಸಿಕೊಳ್ಳಬೇಕು. ಒಮ್ಮೆ ನೆರಳಿನಲ್ಲಿ ಅಪರ್ಚರ್ ಎಫ್5.6 ಇಟ್ಟು ಚಿತ್ರ ತೆಗೆಯುತ್ತಿದ್ದೆ (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು). ಶಟರ್ ಎಳೆಯಲು ಹೋದ ಬೆರಳು ಪಕ್ಕದ ಕಡ್ಡಿಯನ್ನೂ ನೂಕಿಬಿಟ್ಟಿತ್ತು. ನನಗೆ ಗೊತ್ತಾಗಿದ್ದು ರೋಲ್ ಮುಗಿದ ಮೇಲೆ: ಅಪರ್ಚರ್ 22ರಲ್ಲಿ ಕೂತಿತ್ತು. ಹನ್ನೆರಡು ಚಿತ್ರಗಳಲ್ಲಿ ಏಳು ಬರೀ ಕತ್ತಲು. ಇಷ್ಟಾದರೂ ಅದರ ಮೇಲೆ ಸಿಟ್ಟು ಬರುವುದಿಲ್ಲ. ಅಷ್ಟು ಹಗುರವಾದ ವಸ್ತುವಿನ ಮೇಲೆ ಸಿಟ್ಟು ನಿಲ್ಲುವುದೂ ಕಷ್ಟ.

ಸಿಟ್ಟು ಬರುವುದು ಜಾಣ ಕ್ಯಾಮೆರಾಗಳ ಮೇಲೆ. 1950ರ ದಶಕದಲ್ಲಿ ಕಂಪುರ್ ಶಟರ್ ತಯಾರಿಸುತ್ತಿದ್ದ ಡೆಕೆಲ್‌ನವರಿಗೆ ಒಂದು ಯೋಚನೆ ಬಂತು. ವೇಗ, ಅಪರ್ಚರ್ ಎಂಬ ಎರಡು ಅಂಕಿಗಳ ಬದಲು ಬೆಳಕಿಗೆ ಒಂದೇ ಅಂಕಿ ಇರಲಿ ಎಂದು. ಬೆಳಕು ಹೀರುವ ವೇಗ 100 ಇರುವ ಫಿಲಂಗೆ ಒಳ್ಳೇ ಬಿಸಿಲಿನಲ್ಲಿ ಅದು 15. ಎಫ್11, 1/250 ಸೆಕೆಂಡ್ ಆದರೂ 15. ಎಫ್8, 1/500 ಆದರೂ 15. ಹಾಗಾಗಿ ಎರಡು ಚಕ್ರಗಳಿಗೂ ಜೋಡೆತ್ತಿನಂತೆ ನೊಗ ಹೂಡಿದರು. ಒಂದನ್ನು ತಿರುಗಿಸಿದರೆ ಇನ್ನೊಂದೂ ಹಿಂದೆಯೇ ಬರುತ್ತದೆ. ಬೆಳಕು ಬದಲಾಗದೆ ಹಿನ್ನೆಲೆಯನ್ನಷ್ಟೇ ಮಸುಕು ಮಾಡಬೇಕಾದಾಗ ಇದು ಬಲು ಸುಖ. ಆದರೆ ಒಂದು ಮೋಡ ಅಡ್ಡ ಬಂದರೆ? ನೊಗ ಬಿಚ್ಚಬೇಕು, ತಿರುಗಿಸಬೇಕು, ಮತ್ತೆ ಹೂಡಬೇಕು. ಅಷ್ಟರಲ್ಲಿ ಮೋಡವೇ ಹೋಗಿರುತ್ತದೆ. ನಾನಂತೂ ಬಿಚ್ಚಿಯೇ ಇಡುತ್ತೇನೆ.

ಮಾಮಿಯಾ ಸಿ330ದು ಇನ್ನೊಂದು ದಾರಿ. ಅದರ ಲೆನ್ಸ್ ಬದಲಿಸಬಹುದು. ಪ್ರತಿ ಲೆನ್ಸಿಗೂ ಅದರದೇ ಶಟರ್, ಅದರದೇ ಅಂಕಿಗಳು. ಹತ್ತಿರದ ವಸ್ತುವಿಗೆಂದು ಲೆನ್ಸನ್ನು ಮುಂದೆ ತರುವ ಮಡಿಕೆ ಚೀಲವನ್ನು, ಅಂದರೆ ತಿದಿಯನ್ನು, ಹಿಗ್ಗಿಸಿದರೆ ಎಷ್ಟು ಬೆಳಕು ಜಾಸ್ತಿ ಬೇಕು ಎಂಬುದನ್ನು ಕ್ಯಾಮೆರಾವೇ ಹೇಳುತ್ತದೆ. ಕೆಲಸಗಾರ ಕ್ಯಾಮೆರಾ, ನಿಜ. ಭಾರ ಮಾತ್ರ ಕತ್ತಿಗೇ ಗೊತ್ತು.

ಇನ್ನು ಬೆಳಕು ಅಳೆಯುವ ಮೀಟರ್. ಸೆಲೆನಿಯಂ ಮೀಟರಿಗೆ ಬ್ಯಾಟರಿ ಬೇಡ, ಬಿದ್ದ ಬೆಳಕೇ ಅದರ ಕರೆಂಟು. ಆದರೆ ವಯಸ್ಸಾದಂತೆ ಎಷ್ಟೋ ಮೀಟರುಗಳು ಬಳಲಿ ಸುಳ್ಳು ಹೇಳತೊಡಗುತ್ತವೆ. ಯಾಶಿಕಾ ಮ್ಯಾಟ್ 124ಜಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ಅದು ಈಗ ಅಂಗಡಿಯಲ್ಲಿಲ್ಲ. ಬದಲಿಗೆ 1.5 ವೋಲ್ಟಿನದು ಹಾಕಿದರೆ ಮೀಟರು ಇಲ್ಲದ ಬೆಳಕನ್ನೂ ಇದೆ ಎನ್ನುತ್ತದೆ, ಫಿಲಂಗೆ ಬೆಳಕು ಕಡಿಮೆ ಬೀಳುತ್ತದೆ. ಪೂರ್ತಿ ಸತ್ತ ಮೀಟರೇ ವಾಸಿ. ಅದು ಸುಳ್ಳನ್ನಂತೂ ಹೇಳುವುದಿಲ್ಲ.

ನನ್ನ ಬಳಿ ಇರುವುದೂ ಅಂಥದ್ದೇ. ಬಿಸಿಲಿದ್ದರೆ 100ರ ಫಿಲಂಗೆ ಎಫ್16, 1/125. ನೆರಳಿಗೆ ಬಂದರೆ ಎಫ್5.6. ಈ ಲೆಕ್ಕ ಬಾಯಿಪಾಠವಾಗಿದೆ. ಆದರೂ ಪ್ರತಿ ಸಲ ಮುಚ್ಚಳ ತೆರೆದಾಗ ಕಣ್ಣು ಮೊದಲು ಹೋಗುವುದು ಮೀಟರಿನ ಮುಳ್ಳಿನ ಕಡೆಗೇ. ಅದು ಮೂಲೆಯಲ್ಲಿ ಮಲಗಿರುತ್ತದೆ. ಕ್ಯಾಮೆರಾವನ್ನು ಒಂದೆರಡು ಸಲ ಮೆಲ್ಲಗೆ ತಟ್ಟುತ್ತೇನೆ. ಅಲುಗುವುದಿಲ್ಲ. ಆಮೇಲೆ ತಲೆಯೆತ್ತಿ ಆಕಾಶ ನೋಡುತ್ತೇನೆ.