ಇಂಗ್ಲಿಷಿನ ಒತ್ತನ್ನು ಕನ್ನಡದಲ್ಲೇ ಹೇಳಿಕೊಡಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಬಿ.ಕಾಂ. ಮೊದಲ ವರ್ಷದಲ್ಲಿ ಎದ್ದು ನಿಂತು ಪಾಠ ಓದುವಾಗ ಸಾಲ ಎಂಬ ಅರ್ಥದ ಪದವನ್ನು ‘ಡೆಬ್ಟ್’ ಎಂದೆ. ಇಡೀ ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು. ‘ಡೆಟ್’ ಎಂದು ತಿದ್ದಿದರೇ ಹೊರತು, ಉಚ್ಚರಿಸದ ‘ಬಿ’ಯನ್ನು ಬರೆಯುವುದೇಕೆ ಎಂದು ಹೇಳಲಿಲ್ಲ.

ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ಪದದಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ನಿನ ‘ಡೆಬಿಟಮ್’ ನೆನಪಾಗಲೆಂದು ವಿದ್ವಾಂಸರು ಆಮೇಲೆ ಅದನ್ನು ಬರಹದಲ್ಲಿ ತುರುಕಿದರು; ಜನರ ನಾಲಿಗೆ ಒಪ್ಪಲಿಲ್ಲ. ‘ನೈಫ್’ ಪದದ ಮೊದಲಲ್ಲಿರುವ ‘ಕೆ’ಯ ಕಥೆ ಬೇರೆ. ಅದನ್ನು ಒಂದು ಕಾಲದಲ್ಲಿ ನಿಜಕ್ಕೂ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು, ಮಾತು ಬದಲಾಗುತ್ತಲೇ ಹೋಯಿತು. ಬರೆದಂತೆ ಓದುವುದನ್ನು ಕಲಿತ ಕನ್ನಡದ ಮಗು ‘ಡೆಬ್ಟ್’ ಎಂದರೆ ಅದು ದಡ್ಡತನವೇ?

ಇದಕ್ಕಿಂತ ಹೆಚ್ಚು ಕಾಡುವುದು ಒತ್ತು, ಅಂದರೆ ಪದದ ಒಂದು ಭಾಗವನ್ನು ಉಳಿದವಕ್ಕಿಂತ ಗಟ್ಟಿಯಾಗಿ ನುಡಿಯುವುದು. ನಾವು ‘ಹೋಟೆಲ್’ ಎನ್ನುವಾಗ ‘ಹೋ’ ಗಟ್ಟಿ, ಇಂಗ್ಲಿಷರಿಗೆ ‘ಟೆಲ್’ ಗಟ್ಟಿ. ‘ಫೋಟೋಗ್ರಾಫ್’ನಲ್ಲಿ ‘ಫೋ’ ಮೇಲಿರುವ ಒತ್ತು, ‘ಫಟಾಗ್ರಫಿ’ ಎನ್ನುವಾಗ ‘ಟಾ’ಗೆ ಜಿಗಿಯುತ್ತದೆ; ಆ ದೊಡ್ಡ ‘ಫೋ’ ಮುದುಡಿ ಬರೀ ‘ಫ’ ಆಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಪ್ರಸ್ತಾರ ಹಾಕಿ ಕಲಿತವರು ನಾವು; ನಮ್ಮಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬೀಳದ ಸ್ವರ ಸಾಮಾನ್ಯವಾಗಿ ಸೊರಗುತ್ತದೆ. ಪ್ರಸ್ತಾರ ಬಲ್ಲ ಮಕ್ಕಳಿಗೆ ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ತೋರಿಸಬಹುದು. ನನಗೆ ಯಾರೂ ತೋರಿಸಲಿಲ್ಲ. ನಿಘಂಟಿನಲ್ಲಿ ಒತ್ತಿನ ಅಕ್ಷರಕ್ಕೆ ಮೊದಲು ಹಾಕುವ ಪುಟ್ಟ ಗೆರೆಯನ್ನು ನಾನು ಬಹುಕಾಲ ಮುದ್ರಣದಲ್ಲಿ ಬಿದ್ದ ಮಸಿಯ ಕಲೆ ಎಂದುಕೊಂಡಿದ್ದೆ.

(ಲಂಡನ್ನಿನವರಂತೆ ನಾಲಿಗೆ ಹೊರಳಿಸಬೇಕೆಂದು ನಾನು ಹೇಳುತ್ತಿಲ್ಲ. ಕನ್ನಡದ ಧಾಟಿ ಇರಲಿ. ಒತ್ತು ಸರಿಯಿದ್ದರೆ ಕೇಳುವವರಿಗೆ ಅರ್ಥವಾಗುತ್ತದೆ.)

‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಎಂಬ ತಪ್ಪಿನ ಬೇರೂ ಕನ್ನಡದಲ್ಲೇ ಇದೆ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ನಿನ್ನೆ’ ಎಂದ ಮೇಲೆ ‘ಹ್ಯಾವ್’ ಸಲ್ಲದು. ಎರಡು ವಾಕ್ಯಗಳನ್ನೂ ಅಕ್ಕಪಕ್ಕ ಬರೆದರೆ ಮಗುವಿಗೆ ತಾನೆಲ್ಲಿ ಎಡವಿದೆ ಎಂಬುದು ಕಾಣುತ್ತದೆ. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೇಷ್ಟ್ರೇ, ಮೇಡಂ, ನಿಮ್ಮ ತರಗತಿಯಲ್ಲಿ ಯಾವುದಾದರೂ ಮಗು ‘ಡೆಬ್ಟ್’ ಎಂದರೆ, ದಯವಿಟ್ಟು ಆ ‘ಬಿ’ ಎಲ್ಲಿಂದ ಬಂತೆಂಬ ಕಥೆಯನ್ನು ಕನ್ನಡದಲ್ಲಿ ಹೇಳಿ.