ಕಾಂಗ್ರೆಸ್ ಗಿಡದ ತುರಿಕೆಗೆ ಬದನೆಕಾಯಿ ಬಿಟ್ಟರೆ ಸಾಲದು

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಐವತ್ತು ದಾಟಿದ ರೈತರೊಬ್ಬರು ಕುತ್ತಿಗೆಯನ್ನೂ ಮೊಣಕೈ ಮಡಿಕೆಯನ್ನೂ ಕೆರೆದುಕೊಳ್ಳುತ್ತಾ ಕುಳಿತಿದ್ದರೆ ಸುತ್ತಲಿನವರ ಬಾಯಲ್ಲಿ ಮೊದಲು ಬರುವ ಮಾತು ‘ನಂಜಾಗಿದೆ’ ಎಂಬುದು. ಬದನೆಕಾಯಿ ಬಿಡಿಸುತ್ತಾರೆ, ಮೀನು ಬಿಡಿಸುತ್ತಾರೆ, ರಕ್ತ ಕೆಟ್ಟಿದೆ ಎಂದು ಬೇವಿನ ಕಷಾಯ ಕುಡಿಸುತ್ತಾರೆ. ತುರಿಕೆ ಮಾತ್ರ ಹೋಗುವುದಿಲ್ಲ. ಇಂತಹ ಎಷ್ಟೋ ತುರಿಕೆಗಳ ಮೂಲ ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ, ಬಡಾವಣೆಯ ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಬೆಳೆದು ನಿಂತಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಗಿಡವನ್ನು ಅದರ ಪಾಡಿಗೆ ಬಿಟ್ಟು ಚರ್ಮಕ್ಕಷ್ಟೇ ಮದ್ದು ಹಚ್ಚುವುದು ಅರ್ಧ ಚಿಕಿತ್ಸೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಕಳೆ ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯ ಬಳಿ. ಇದರ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಹಲವು ವರ್ಷ ಬರಿಗೈಯಲ್ಲಿ ಗಿಡ ಕಿತ್ತರೂ ಏನೂ ಆಗದ ವ್ಯಕ್ತಿಗೆ ಒಂದು ಹಂತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಅದರ ವಿರುದ್ಧ ತಿರುಗಿಬೀಳುತ್ತದೆ. ಆಮೇಲೆ ಗಿಡವನ್ನು ಮುಟ್ಟಬೇಕೆಂದೂ ಇಲ್ಲ, ಗಾಳಿಯಲ್ಲಿ ತೇಲಿ ಬರುವ ಒಣಗಿದ ಗಿಡದ ಪುಡಿಯೇ ಸಾಕು. ತುರಿಕೆ ಏಳುವುದು ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ. ಹೀಗಾಗಿ ಸೋಮವಾರ ಕಳೆ ಕಿತ್ತವರು ಬುಧವಾರ ಕೆರೆದುಕೊಳ್ಳುವಾಗ ಮಂಗಳವಾರ ರಾತ್ರಿಯ ಊಟವನ್ನು ದೂರುತ್ತಾರೆ. ‘ಇಷ್ಟು ವರ್ಷ ಆಗದ್ದು ಈಗ ಹೇಗಾಯಿತು’ ಎಂಬ ಪ್ರಶ್ನೆ ಎಲ್ಲರದೂ. ಈ ಕಾಯಿಲೆಯ ಸ್ವಭಾವವೇ ಹಾಗೆ.

ನಮ್ಮ ದೊಡ್ಡಪ್ಪನವರದು ಹಿಪ್ಪುನೇರಳೆ ತೋಟ. ಬೆಳಗಿನ ಸೊಪ್ಪು ಕೊಯ್ದ ಮೇಲೆ ಸಾಲುಗಳ ನಡುವಿನ ಕಾಂಗ್ರೆಸ್ ಗಿಡವನ್ನು ಕಿತ್ತು, ಎರಡೂ ತೋಳುಗಳಲ್ಲಿ ಬಾಚಿ ತಬ್ಬಿಕೊಂಡು ಬದುವಿಗೆ ಒಯ್ದು ಹಾಕುವುದು ಅವರ ರೂಢಿಯಾಗಿತ್ತು. ಚರ್ಮರೋಗ ತಜ್ಞರ ಬಳಿ ಕರೆದೊಯ್ದಾಗ ಆ ವೈದ್ಯೆ ಕೈಗಳನ್ನು ನೋಡುವ ಮೊದಲು ‘ಗದ್ದ ಎತ್ತಿ ಯಜಮಾನ್ರೇ’ ಎಂದರು. ಗದ್ದದ ಕೆಳಗೆ, ಕಿವಿಯ ಹಿಂದೆ, ಮೇಲಿನ ರೆಪ್ಪೆಗಳ ಮಡಿಕೆಯಲ್ಲಿ ಟಾರ್ಚು ಹಿಡಿದು ನೋಡಿದರು. ಬರೀ ಬಿಸಿಲಿನಿಂದ ಬಂದ ಅಲರ್ಜಿಯಾದರೆ ನೆರಳಿರುವ ಈ ಜಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ, ಗಾಳಿಯ ಧೂಳಿನಿಂದ ಬಂದದ್ದಾದರೆ ಧೂಳೂ ಬೆವರೂ ಕೂರುವುದು ಅಲ್ಲಿಯೇ ಎಂದು ವಿವರಿಸಿದರು. ದೊಡ್ಡಪ್ಪನವರ ರೆಪ್ಪೆ ಊದಿ, ಕುತ್ತಿಗೆಯ ಚರ್ಮ ಕಪ್ಪಾಗಿ ದಪ್ಪಗಟ್ಟಿ, ಅದರ ಗೆರೆಗಳು ಆಳವಾಗಿ ಎದ್ದು ಕಾಣುತ್ತಿದ್ದವು. ಆಮೇಲೆ ಪ್ಯಾಚ್ ಟೆಸ್ಟ್ ಆಯಿತು. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುವ ಸರಳ ಪರೀಕ್ಷೆ ಅದು. ಪಾರ್ಥೇನಿಯಂ ಪಟ್ಟಿಯಿದ್ದ ಜಾಗ ಕೆಂಪಗೆ ಉಬ್ಬಿತ್ತು.

ಅಷ್ಟರೊಳಗೆ ಅವರು ಮೆಡಿಕಲ್ ಶಾಪಿನಿಂದ ತಂದ ಟ್ಯೂಬುಗಳನ್ನು ಹಚ್ಚಿ ಹಚ್ಚಿ ಮುಖದ ಚರ್ಮವನ್ನು ತೆಳುವಾಗಿಸಿಕೊಂಡಿದ್ದರು. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಹುಳಕಡ್ಡಿ ಎಂದರೂ ಅದೇ ಟ್ಯೂಬು, ಅಲರ್ಜಿ ಎಂದರೂ ಅದೇ, ಮೊಡವೆಯ ಕಲೆ ಎಂದರೂ ಅದೇ. ಕ್ಲೋಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮು ಹಚ್ಚಿದ ಎರಡನೇ ದಿನವೇ ಕೆಂಪು ಇಳಿಯುತ್ತದೆ, ಆದ್ದರಿಂದ ಜನ ನಂಬುತ್ತಾರೆ. ಹುಳಕಡ್ಡಿಯಾಗಿದ್ದರೆ ಅದು ಒಳಗೊಳಗೇ ಹರಡಿ ಗುರುತೇ ಸಿಗದಂತಾಗುತ್ತದೆ; ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟ ಕೂಡಲೇ ಉರಿ ಇಮ್ಮಡಿಯಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ದೊಡ್ಡಪ್ಪನವರಿಗೆ ಟ್ಯೂಬು ಕೊಟ್ಟವರು ಚೀಟಿ ಕೇಳಿದ್ದೇ ಇಲ್ಲ.

ಹಾಗೆಂದು ಸ್ಟೀರಾಯ್ಡನ್ನೇ ಶತ್ರುವೆಂದು ನಾನು ಹೇಳುತ್ತಿಲ್ಲ. ಕಾಯಿಲೆ ಯಾವುದೆಂದು ಗೊತ್ತಾದ ಮೇಲೆ, ಯಾವ ಜಾಗಕ್ಕೆ ಎಷ್ಟು ಪ್ರಬಲವಾದದ್ದು, ಎಷ್ಟು ದಿನ ಎಂದು ವೈದ್ಯರು ನಿರ್ಧರಿಸಿದರೆ ಅದೇ ಒಳ್ಳೆಯ ಮದ್ದು. ಹಠ ಹಿಡಿದ ಪಾರ್ಥೇನಿಯಂ ಅಲರ್ಜಿಗೆ ಅಜಥಯೊಪ್ರಿನ್ ಎಂಬ ಮಾತ್ರೆಯನ್ನೂ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳುವವರು ರಕ್ತಕಣಗಳ ಮತ್ತು ಯಕೃತ್ತಿನ ಪರೀಕ್ಷೆಯನ್ನು ಆಗಾಗ್ಗೆ ಮಾಡಿಸುತ್ತಿರಲೇಬೇಕು. ತೋಟಕ್ಕೆ ಹೋಗಲೇಬೇಕಾದವರು ತುಂಬುತೋಳಿನ ಅಂಗಿ ಹಾಕಿ, ಮುಖಕ್ಕೆ ಬಟ್ಟೆ ಸುತ್ತಿ, ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು ಒಳ್ಳೆಯದು. ಒಗೆದ ಬಟ್ಟೆಯನ್ನು ಬೇಲಿಯ ಕಳೆಯ ಮೇಲೆ ಹರವಬಾರದು. ಇನ್ನೊಂದು ಮಾತನ್ನು ನಮ್ಮ ಜಿಲ್ಲೆಯವರಿಗೆ ಹೇಳಲೇಬೇಕು: ಸೇವಂತಿಗೆಯೂ ಇದೇ ಸಸ್ಯಕುಟುಂಬದ್ದು, ಪಾರ್ಥೇನಿಯಂ ಒಗ್ಗದ ಕೆಲವರಿಗೆ ಸೇವಂತಿಗೆ ಬಿಡಿಸಿದರೂ ತುರಿಕೆ ಏಳುತ್ತದೆ. ಹೂವಿನ ತೋಟದ ಹೆಣ್ಣುಮಕ್ಕಳು ರೆಪ್ಪೆ ಊದಿದೆ ಎಂದರೆ ಇದನ್ನೂ ವೈದ್ಯರ ಗಮನಕ್ಕೆ ತರಬೇಕು.

ಇಷ್ಟೆಲ್ಲ ಮಾಡಿಯೂ ಮನೆಯ ಸುತ್ತ ಗಿಡ ಹಾಗೆಯೇ ಇದ್ದರೆ ಮಾತ್ರೆ ಎಷ್ಟು ದಿನ ತಡೆದೀತು? ನಮ್ಮ ರಾಜ್ಯ 1975ರಲ್ಲಿಯೇ ಇದನ್ನು ಕಾನೂನಿನಡಿ ಹಾನಿಕಾರಕ ಕಳೆ ಎಂದು ಘೋಷಿಸಿದೆ. ಮೆಕ್ಸಿಕೋದಿಂದ ತಂದ, ಈ ಗಿಡದ ಎಲೆಯನ್ನು ಮೇಯುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಡಲಾಯಿತು; ಮಳೆಗಾಲದಲ್ಲಿ ಅದು ಚೆನ್ನಾಗಿಯೇ ಮೇಯುತ್ತದೆ, ಒಣ ತಿಂಗಳುಗಳಲ್ಲಿ ಮಣ್ಣು ಸೇರುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಉಳಿದ ಕೆಲಸ ಮನುಷ್ಯರದೇ, ಅದೂ ಹೂ ಬಿಡುವ ಮೊದಲು. ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ನಮ್ಮಲ್ಲಿ ಮೇ ತಿಂಗಳ ಮಳೆಗೆ ಮೊಳೆತ ಗಿಡ ಆ ಹೊತ್ತಿಗೆ ಬಿಳಿ ಹೂ ತುಂಬಿ ನಿಂತಿರುತ್ತದೆ. ಗ್ರಾಮ ಪಂಚಾಯಿತಿಗಳು ಜೂನ್ ತಿಂಗಳಲ್ಲಿಯೇ, ಮಣ್ಣು ಹಸಿಯಿರುವಾಗ, ಬೇರುಸಮೇತ ಕೀಳಿಸಬೇಕು. ಆ ಕೆಲಸಕ್ಕೆ ಬರುವ ಕೂಲಿಯವರಿಗೂ ಪೌರಕಾರ್ಮಿಕರಿಗೂ ಉದ್ದನೆಯ ಕೈಗವಸು, ಮುಖವಸ್ತ್ರ, ಕೆಲಸ ಮುಗಿದ ಮೇಲೆ ತೊಳೆದುಕೊಳ್ಳಲು ನೀರು ಮತ್ತು ಸೋಪು ಕೊಡಬೇಕು. ಈಗಾಗಲೇ ತುರಿಕೆ ಇರುವವರನ್ನು ಆ ಕೆಲಸಕ್ಕೆ ಕರೆಯಲೇಬಾರದು. ನಮ್ಮ ಪಂಚಾಯಿತಿಗೆ ಇಷ್ಟನ್ನೂ ಬರೆದು ಅರ್ಜಿ ಕೊಟ್ಟಿದ್ದೇನೆ. ನಿಮ್ಮ ಊರಿನಲ್ಲಿಯೂ ಕೊಡುವುದಾದರೆ ಈ ಬರಹದ ಯಾವ ಭಾಗವನ್ನಾದರೂ ಹಾಗೆಯೇ ಬಳಸಿಕೊಳ್ಳಿ.