ವೇದಿಕೆ ಮೇಲಿನ ಅಷ್ಟೋತ್ತರ

ಕಲಬುರಗಿಯಲ್ಲಿ ಯಾವುದಾದರೂ ಒಂದು ಸಭೆಗೆ ಹೋಗಿ ಕೂತು ನೋಡಿ. ಪುಸ್ತಕ ಬಿಡುಗಡೆ, ಕ್ರಿಕೆಟ್ ಟೂರ್ನಿಯ ಬಹುಮಾನ ವಿತರಣೆ, ದಾಲ್ ಮಿಲ್ ಉದ್ಘಾಟನೆ, ಮೇಷ್ಟ್ರ ಬೀಳ್ಕೊಡುಗೆ, ಯಾವುದಾದರೂ ನಡೆಯುತ್ತದೆ. ಕಾರ್ಡಿನಲ್ಲಿ ಹತ್ತೂವರೆ ಅಂತಿದ್ದರೆ ಹನ್ನೆರಡಕ್ಕೆ ಶುರು. ಅದು ಬಿಡಿ, ಅಭ್ಯಾಸವಾಗಿದೆ. ಶುರುವಾದ ಮೇಲೆ ನಡೆಯುವ ಕೆಲಸ ಒಂದೇ, ಹೆಸರು ಓದುವುದು.

ಲೆಕ್ಕ ಹಾಕೋಣ. ವೇದಿಕೆ ಮೇಲೆ ಹನ್ನೆರಡು ಜನ. ಮೈಕ್ ಹಿಡಿಯುವವರು ಒಂಬತ್ತು: ನಿರೂಪಣೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟಕರು, ಮೂವರು ಅತಿಥಿಗಳು, ಅಧ್ಯಕ್ಷರು, ಕೊನೆಗೆ ವಂದನಾರ್ಪಣೆ. ಪ್ರತಿಯೊಬ್ಬರೂ ಎಲ್ಲರ ಹೆಸರು ಹೇಳಲೇಬೇಕು. ಹನ್ನೆರಡೊಂಬತ್ತಲ ನೂರಾ ಎಂಟು. ಗುಡಿಯಲ್ಲಾಗಿದ್ದರೆ ಅಷ್ಟೋತ್ತರ ಮುಗಿದು ಮಂಗಳಾರತಿ ಆಗುತ್ತಿತ್ತು. ಇಲ್ಲಿ ಶಾಲು ಹೊದಿಸುವುದೇ ಇನ್ನೂ ಬಾಕಿ.

ಬರೀ ಹೆಸರು ಹೇಳಿದರೆ ಅವಮಾನ. ಮುಂದೆ ಒಂದು ಬಿರುದು ಬೇಕು. ಸರಳ ಸಜ್ಜನಿಕೆಯ, ಕೊಡುಗೈ ದಾನಿ, ಬಡವರ ಬಂಧು, ಯುವಕರ ಕಣ್ಮಣಿ. ಈ ಕಣ್ಮಣಿಯನ್ನು ಇಬ್ಬರು ಯುವಕರು ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿರುತ್ತಾರೆ, ಮೊಣಕಾಲಿನ ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ. ಬಾರದವರನ್ನೂ ಬಿಡುವ ಹಾಗಿಲ್ಲ. ಕಾರ್ಡಿನಲ್ಲಿ ‘ಘನ ಉಪಸ್ಥಿತಿ’ ಅಂತ ದಪ್ಪಕ್ಷರದಲ್ಲಿರುವವರು ಆ ಹೊತ್ತಿಗೆ ಬೆಂಗಳೂರಿನಲ್ಲಿರುತ್ತಾರೆ. ಆದರೂ ಅವರ ಹೆಸರಿಗೆ ಒಂಬತ್ತು ಸಲ ಚಪ್ಪಾಳೆ. ಸರ್ಕಾರಿ ಕಾರ್ಯಕ್ರಮವಾದರಂತೂ ಶಿಷ್ಟಾಚಾರದ ಪಟ್ಟಿ ಇದೆ. ಅದರಲ್ಲಿ ಒಂದು ಹೆಸರು ಮೇಲೆ ಕೆಳಗೆ ಆದರೂ ಹಕ್ಕುಚ್ಯುತಿಯ ಮಾತು ಬರುತ್ತದೆ. ನೀರು ಬರಲಿಲ್ಲ ಅಂದರೆ ಅಷ್ಟು ಬೇಗ ಬರುವುದಿಲ್ಲ, ಅಲ್ವಾ?

ಸ್ವಾಗತ ಅರ್ಧಕ್ಕೆ ಬಂದಿರುತ್ತದೆ, ಕೆಳಗಿನಿಂದ ಒಂದು ಚೀಟಿ ಹೊರಡುತ್ತದೆ. ಮೂರು ಕೈ ದಾಟಿ ಮೇಲೆ ಬರುತ್ತದೆ. ತಾರೀಖಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದದ್ದು. ಸ್ವಾಗತದವರು ಕನ್ನಡಕ ಏರಿಸಿ, ‘ನಮ್ಮ ನಡುವೆ ಇರುವ ಇನ್ನೊಬ್ಬ ಗಣ್ಯರು’ ಅಂದು, ‘ಸಂಕಷ್ಟ ಚತುರ್ಥಿ’ ಅಂತ ಓದುತ್ತಾರೆ. ಆಮೇಲೆ ಹಾಳೆ ತಿರುಗಿಸುತ್ತಾರೆ. ಹೆಸರು ಬಿಟ್ಟುಹೋದವರು ಮಾತ್ರ ಊಟಕ್ಕೆ ನಿಲ್ಲುವುದಿಲ್ಲ, ಆರು ತಿಂಗಳು ಫೋನೂ ಎತ್ತುವುದಿಲ್ಲ. ಅದಕ್ಕೇ ವಂದನಾರ್ಪಣೆಯವರು ಮೊದಲೇ ಜಾಮೀನು ತೆಗೆದುಕೊಂಡಿರುತ್ತಾರೆ: ‘ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ಅನ್ಯಥಾ ಭಾವಿಸಬಾರದು.’

ಹೆಸರು ನೆನಪಿಡುವ ಉಪಾಯ ಹೇಳುವವರೆಲ್ಲ ಹೇಳುವುದು ಒಂದೇ: ಕೇಳಿದ ಕೂಡಲೇ ಎರಡು ಮೂರು ಸಲ ಬಾಯಿಬಿಟ್ಟು ಹೇಳಿ. ಆ ಲೆಕ್ಕದಲ್ಲಿ ನಮ್ಮೂರಿನವರಿಗೆ ಜಗತ್ತಿನಲ್ಲೇ ಜಾಸ್ತಿ ಹೆಸರು ನೆನಪಿರಬೇಕಿತ್ತು. ಆದರೆ ಊಟದ ಸಾಲಿನಲ್ಲಿ ನಿಂತು ಕೇಳಿ.

‘ನಿಮ್ಮ ಬಾಜೂ ಕುಂತಿದ್ರಲ್ಲ, ಅವರು ಯಾರ್ರಿ?’

‘ಗೊತ್ತಿಲ್ರಿ. ಆಳಂದ ಕಡೆಯವರಂತ.’

ಇಬ್ಬರೂ ಎರಡು ತಾಸು ಮೊಣಕೈಗೆ ಮೊಣಕೈ ತಾಗಿಸಿ ಕೂತವರು. ಆ ಹೆಸರನ್ನು ಎಲ್ಲರ ಬಾಯಲ್ಲೂ ಕೇಳಿದ್ದಾರೆ. ಒಂದು ಸಲ ತಾವೇ ‘ನನ್ನ ಆತ್ಮೀಯರಾದ’ ಅಂತ ಸೇರಿಸಿ ಓದಿದ್ದಾರೆ.

ಮಾಲ್ಕಂ ಬ್ರೆನ್ನರ್ ಅನ್ನುವ ಮನಶ್ಶಾಸ್ತ್ರಜ್ಞ 1973ರಲ್ಲಿ ಇಂಥದ್ದೇ ಒಂದು ಪ್ರಯೋಗ ಪ್ರಕಟಿಸಿದರು. ಸುತ್ತ ಕೂತವರು ಸರದಿಯಂತೆ ಒಂದೊಂದು ಪದ ಓದಬೇಕು. ಆಮೇಲೆ ಕೇಳಿದರೆ, ತಮ್ಮ ಸರದಿ ಬರುವ ಸ್ವಲ್ಪ ಮುಂಚೆ ಬೇರೆಯವರು ಓದಿದ್ದು ತಲೆಯಲ್ಲಿ ಅಷ್ಟಾಗಿ ಉಳಿದಿರಲಿಲ್ಲ. ಬ್ರೆನ್ನರ್ ಸಾಹೇಬರು ಸುಮ್ನೆ ಕಷ್ಟಪಟ್ಟರು. ನಮ್ಮಲ್ಲಿಗೆ ಬಂದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತಿತ್ತು. ಇಲ್ಲಿ ಮೊದಲಿನಿಂದ ಕೊನೆಯವರೆಗೂ ಎಲ್ಲರೂ ಕಾಯುವುದು ಒಂದೇ ಹೆಸರಿಗೆ. ತಮ್ಮದಕ್ಕೆ.

ಇನ್ನು ನೆನಪಿನ ಕಾಣಿಕೆ. ಗಾಜಿನ ಫ್ರೇಮು, ಒಳಗೆ ಶರಣಬಸವೇಶ್ವರ ಗುಡಿಯ ಚಿತ್ರ, ಕೆಳಗೆ ‘ಇವರಿಗೆ ಪ್ರೀತಿಪೂರ್ವಕವಾಗಿ’ ಅಂತ ಅಚ್ಚು. ಅತಿಥಿಗಳು ಗಟ್ಟಿಯಾಗಿದ್ದು ಹಿಂದಿನ ರಾತ್ರಿಯಾದ್ದರಿಂದ ಹೆಸರು ಮಾತ್ರ ಮಾರ್ಕರ್ ಪೆನ್ನಿನಲ್ಲಿ. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕವರಿಗೆ ಕೊಡುತ್ತಾರೆ. ಮನೆಗೆ ಹೋಗಿ ಬಿಚ್ಚಿದರೆ ಅದು ಬಾಜೂ ಕೂತಿದ್ದವರದ್ದು. ಅವರ ಹೆಸರು ಕೊನೆಗೂ ಗೊತ್ತಾಗುವುದು ಆಗಲೇ.

ಹೊರಗಿನ ಕಥೆ ಬೇರೆ. ಸೂಪರ್ ಮಾರ್ಕೆಟ್‌ನಲ್ಲಿ ಯಾರೋ ಹೆಗಲ ಮೇಲೆ ಕೈ ಇಟ್ಟು, ‘ಗುರ್ತು ಹತ್ತಲಿಲ್ಲೇನ್ರಿ?’ ಅಂತಾರೆ. ಹತ್ತಿಲ್ಲ ಅನ್ನುವ ಧೈರ್ಯ ಈ ಮೂರು ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ‘ಹಂಗ್ಯಾಕಂತೀರಿ, ನಿಮ್ಮನ್ನ ಮರೀತೀವೇನ್ರಿ!’ ಅಂತ ಶುರುವಾಗುತ್ತದೆ. ಮನೆ ಕಡೆ ಆರಾಮ್ರಿ? ಆರಾಮ್ರಿ. ಈಗ ಎಲ್ಲಿದ್ದೀರಿ? ಅಲ್ಲೇ ರೀ. ಎಲ್ಲಿ ಅನ್ನುವುದು ಇಬ್ಬರಿಗೂ ಗೊತ್ತಿರುವುದಿಲ್ಲ. ಸಾಹೇಬ್ರ, ಗೌಡ್ರ, ಮಾಲಕ್ರ, ಕಾಕಾ, ಭಾಯ್ ಅಂತಲೇ ಅರ್ಧ ತಾಸು ಹೋಗುತ್ತದೆ. ಸುಸಲಾ, ಮಿರ್ಚಿ ಭಜಿ ಆಗುತ್ತದೆ. ಬಿಲ್ಲಿಗೆ ಜಗಳವೂ ಆಗುತ್ತದೆ. ಹೆಸರೊಂದು ಬರುವುದಿಲ್ಲ.

ತಪ್ಪು ನಮ್ಮದೊಂದೇ ಅಲ್ಲ ಬಿಡಿ. 1987ರಲ್ಲಿ ಇಂಗ್ಲೆಂಡಿನ ಸಂಶೋಧಕರು ಮುಖದ ಫೋಟೋ ತೋರಿಸಿ ಪರೀಕ್ಷೆ ಮಾಡಿದ್ದರು. ಅದೇ ಪದವನ್ನು ಕಸುಬು ಅಂತ ಹೇಳಿದರೆ ನೆನಪಿರುತ್ತದೆ, ಅಡ್ಡಹೆಸರು ಅಂತ ಹೇಳಿದರೆ ಮರೆಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬಡಿಗತನ ಮಾಡುವವರು ನೆನಪಿರುತ್ತಾರೆ, ಬಡಿಗೇರರು ಮರೆತುಹೋಗುತ್ತಾರೆ. ಇಲ್ಲಿಯವರ ಫೋನಿಗೆ ಇದು ಮೊದಲಿಂದಲೂ ಗೊತ್ತು. ತೆರೆದು ನೋಡಿ: ಬಸವರಾಜ ನಲ್ಲಿ, ಮಲ್ಲು ತೊಗರಿ, ಶರಣು ಇನೋವಾ, ಶರಣು ಎಲ್‌ಐಸಿ, ಶರಣು ಬ್ಯಾಡ. ಕೊನೆಯವರ ಫೋನ್ ಎತ್ತುವುದಿಲ್ಲ ಅಷ್ಟೇ. ಊರಿಗೇ 2014ರ ನವೆಂಬರ್ 1ರಿಂದ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ವಿಶ್ವವಿದ್ಯಾಲಯ ಇನ್ನೂ ಗುಲ್ಬರ್ಗಾದ್ದೇ. ಮನುಷ್ಯರ ಹೆಸರಿನದ್ದೇನು ದೊಡ್ಡ ಮಾತು.

ಹೆಸರು ಮರೆಯದ ಒಂದು ಜಾತಿ ಇದೆ, ಚುನಾವಣೆಗೆ ನಿಲ್ಲುವವರು. ಎರಡು ಸಾವಿರ ವರ್ಷದ ಹಿಂದೆ ರೋಮ್‌ನಲ್ಲೂ ಹೀಗೇ ಇತ್ತು. ಓಟು ಕೇಳುವ ದೊಡ್ಡವರ ಜೊತೆ ಒಬ್ಬ ಆಳು ಇರುತ್ತಿದ್ದ. ಎದುರು ಬರುವವರ ಹೆಸರನ್ನು ಧಣಿಯ ಕಿವಿಯಲ್ಲಿ ಊದುವುದೇ ಅವನ ಕೆಲಸ. ನಮ್ಮಲ್ಲಿ ಆ ಕೆಲಸಕ್ಕೆ ಪಿಎ ಇದ್ದಾರೆ. ಅರ್ಧ ಹೆಜ್ಜೆ ಹಿಂದೆ, ಎಡಗಿವಿಯ ಕಡೆ, ಎರಡು ಫೋನ್ ಹಿಡಿದು ನಿಂತಿರುತ್ತಾರೆ. ಪಿಎ ಇಲ್ಲದ ದಿನವೂ ಸಾಹೇಬರಿಗೆ ಚಿಂತೆಯಿಲ್ಲ. ಶರಣಬಸವಪ್ಪ, ಶರಣಪ್ಪ, ಶರಣಗೌಡ ಇಷ್ಟೊಂದು ಇರುವ ಊರಿನಲ್ಲಿ ಕಣ್ಣು ಮುಚ್ಚಿ ಹೊಡೆದರೂ ಒಂದು ತಾಗುತ್ತದೆ.

‘ಏನ್ ಶರಣಪ್ಪಾ, ಆರಾಮಾ?’

‘ನಾ ಮಲ್ಲಪ್ಪರಿ. ಶರಣಪ್ಪ ನಮ್ಮ ತಮ್ಮಾರಿ.’

‘ಅವಂದೇ ಕೇಳ್ಲಕತ್ತೀನಿ. ಆರಾಮ ಅದಾನಿಲ್ಲೋ?’

ಸಂಜೆಯೊಳಗೆ ಮಲ್ಲಪ್ಪ ಓಣಿಗೆಲ್ಲ ಸುದ್ದಿ ಮುಟ್ಟಿಸಿರುತ್ತಾನೆ: ‘ಏನ್ ನೆನಪರಿ ಸಾಹೇಬ್ರದು! ನನ್ನ ಬಿಡ್ರಿ, ನಮ್ಮ ತಮ್ಮನ ಹೆಸರೂ ನೆನಪಿಟ್ಟಾರ!’